ಮೂರು ಕೋಟಿ ಅಭಿಮಾನಿಗಳು, ಗುರುತಿನ ಚೀಟಿ ಮಾತ್ರ ಇಲ್ಲ!

ಪೋಸ್ಟರ್ ಹರಿದರೆ ಇನ್ನೊಂದು ಅಂಟಿಸಬಹುದು. ನೋಡಿದವರ ನೆನಪೇ ಹರಿದುಹೋದರೆ ಸ್ಟಾರ್ ಏನು ಮಾಡಬೇಕು ಸ್ವಾಮಿ?

ಜೇಸನ್ ಟ್ಯಾವರ್ನರ್ ಹಾಡುಗಾರ. ಅವನ ಟೀವಿ ಶೋಗೆ ಮೂರು ಕೋಟಿ ವೀಕ್ಷಕರು. ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದವನು ಕಣ್ಣು ಬಿಡೋದು ಕೊಳಕು ಹೋಟೆಲ್ ರೂಮಿನಲ್ಲಿ. ಜೇಬಿನಲ್ಲಿ ನೋಟಿನ ಕಟ್ಟಿದೆ, ಗುರುತಿನ ಚೀಟಿ ಒಂದೂ ಇಲ್ಲ. ಏಜೆಂಟ್‌ಗೆ ಫೋನ್ ಮಾಡಿದರೆ ‘ಯಾರ್ರೀ ನೀವು?’ ಅಂತಾನೆ. ವಕೀಲನದೂ ಅದೇ ರಾಗ. ಪ್ರೇಯಸಿ ಹೆದರ್ ಹಾರ್ಟ್ ಕೂಡ ಯಾರೋ ತಲೆಕೆಟ್ಟ ಅಭಿಮಾನಿ ಅಂತ ಬೈಯುತ್ತಾಳೆ!

ಇದು ಅಮೆರಿಕದ ಫಿಲಿಪ್ ಕೆ. ಡಿಕ್ ಬರೆದ ‘ಫ್ಲೋ ಮೈ ಟಿಯರ್ಸ್, ದ ಪೊಲೀಸ್‌ಮನ್ ಸೆಡ್’ ಕಾದಂಬರಿ; ಪ್ರಕಟವಾದದ್ದು 1974ರಲ್ಲಿ. ‘ಬ್ಲೇಡ್ ರನ್ನರ್’ ಚಿತ್ರಕ್ಕೆ ಮೂಲ ಕಾದಂಬರಿ ಕೊಟ್ಟ ಪುಣ್ಯಾತ್ಮನೂ ಇವನೇ. ಪಾಪ, ಆ ಚಿತ್ರ 1982ರ ಜೂನ್‌ನಲ್ಲಿ ಬಿಡುಗಡೆಯಾಗುವ ಮೊದಲೇ, ಮಾರ್ಚ್‌ನಲ್ಲಿ, ತೀರಿಕೊಂಡ.

ಕಥೆ ನಡೆಯೋದು ಲೇಖಕ ಕಲ್ಪಿಸಿದ 1988ರ ಪೊಲೀಸ್ ರಾಜ್ಯದಲ್ಲಿ. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ನೇರವಾಗಿ ಕೂಲಿ ಶಿಬಿರ. ಟ್ಯಾವರ್ನರ್ ಖೋಟಾ ಚೀಟಿ ಮಾಡಿಸುತ್ತಾನೆ. ಮಾಡಿಕೊಟ್ಟ ಹುಡುಗಿಯೇ ಪೊಲೀಸರಿಗೆ ಸುದ್ದಿ ಮುಟ್ಟಿಸುವವಳು! ಒಬ್ಬಳ ಮನೆಯಲ್ಲಿ ಅವನದೇ ಫೋಟೋ ಇರುವ ಗ್ರಾಮಫೋನ್ ರೆಕಾರ್ಡ್ ಸಿಗುತ್ತೆ. ಹಾಕಿದರೆ ಹಾಡೇ ಇಲ್ಲ, ಬರೀ ಮೌನ. ಓದುವಾಗ ನಿಜಕ್ಕೂ ಮೈ ಜುಮ್ಮೆಂದಿತು. ಇಷ್ಟಕ್ಕೆಲ್ಲ ಕಾರಣ ಅವಳು ತಗೊಂಡ ಮಾದಕ ದ್ರವ್ಯ ಅಂತ ಲೇಖಕ ವಿವರಣೆ ಕೊಡುತ್ತಾನೆ. ನನಗದು ಅಷ್ಟಾಗಿ ರುಚಿಸಲಿಲ್ಲ.

ಕೊನೆಗೊಂದು ಕಾಫಿ ಅಂಗಡಿ. ಜ್ಯೂಕ್‌ಬಾಕ್ಸ್‌ನಲ್ಲಿ ಅವನ ಹಾಡು! ಪಕ್ಕದವರು ತಿರುಗಿ ನೋಡುತ್ತಾರೆ. ಹೋದ ಹೆಸರು ವಾಪಸು ಬಂತು. ಆದರೆ ಮನುಷ್ಯ ಬದಲಾದನೇ? ನನಗಂತೂ ಕಾಣಲಿಲ್ಲ. ಜನ ಕಟ್ಟಿದ್ದನ್ನು ಜನರೇ ವಾಪಸು ಕೊಟ್ಟರು, ಇವನು ಇಸಕೊಂಡ, ಅಷ್ಟೇ.

ಒಳಗಿಂದ ಒಡೆದುಹೋಗುವವನು ಪೊಲೀಸ್ ಜನರಲ್ ಬಕ್‌ಮನ್. ಆ ರೆಕಾರ್ಡಿನ ಮನೆಯವಳು ಇವನ ತಂಗಿ. ಅವಳು ಸತ್ತ ಮೇಲೆ ಅಪವಾದವನ್ನು ಟ್ಯಾವರ್ನರ್ ತಲೆಗೆ ಕಟ್ಟಿ ಮನೆಗೆ ಹೊರಟವನು ದಾರಿಯಲ್ಲಿ ಅಳುತ್ತಾನೆ. ನಡುರಾತ್ರಿ ಪೆಟ್ರೋಲ್ ಬಂಕ್‌ನಲ್ಲಿ ಗುರುತು ಪರಿಚಯವಿಲ್ಲದವನೊಬ್ಬನಿಗೆ ಬಾಣ ನಾಟಿದ ಹೃದಯದ ಚಿತ್ರ ಬರೆದು ಕೊಡುತ್ತಾನೆ. ಹೊರಟುಹೋಗಿ, ಮತ್ತೆ ತಿರುಗಿ ಬಂದು ಅವನನ್ನು ತಬ್ಬಿಕೊಳ್ಳುತ್ತಾನೆ. ಈ ಒಂದು ಸೀನ್‌ಗೆ ನಮ್ಮ ಯಾವ ನಟನಾದರೂ ಕಾಲ್‌ಷೀಟ್ ಕೊಟ್ಟಾನು!

ಆ ಕಾಫಿ ಅಂಗಡಿಗೆ ಅವನನ್ನು ಕರೆತಂದವಳು ಮಡಕೆ ಕುಡಿಕೆ ಮಾಡುವ ನಾಚಿಕೆಯ ಹೆಣ್ಣು, ಮೇರಿ ಆನ್. ಟ್ಯಾವರ್ನರ್ ಮುದುಕನಾಗಿ ಸಾಯುತ್ತಾನೆ. ಅವಳ ಕೈಯಿಂದ ಅವನು ಕೊಂಡ ನೀಲಿ ಹೂದಾನಿಯನ್ನು ಮಾತ್ರ ಬಲ್ಲವರು ಈಗಲೂ ಜೋಪಾನವಾಗಿ ಇಟ್ಟುಕೊಂಡಿದ್ದಾರಂತೆ.