ಮರುಭೂಮೀಲಿ ಲೇಕ್ ವ್ಯೂ

ಇದನ್ನು ಬರೆದರೆ ಒಬ್ಬ ಗೆಳೆಯ ಮಾತು ಬಿಡ್ತಾನೆ ಅಂತ ಗೊತ್ತು. ಆದರೂ ಬರೀತಿದ್ದೀನಿ. ಮೂರು ವಾರದಿಂದ ತಲೆಯಲ್ಲಿ ಇದೇ ಕೊರೀತಾ ಇದೆ.

ನಾವಿರೋದು ಅರಿಜೋನಾದ ಚಾಂಡ್ಲರಿನಲ್ಲಿ, ಫೀನಿಕ್ಸಿನ ಪಕ್ಕ. ಅಪಾರ್ಟ್‌ಮೆಂಟಿನ ಲೀಸ್ ಮುಗೀತಾ ಬಂತು, ಬಾಡಿಗೆ ಮತ್ತೆ ಏರಿಸಿದ್ದಾರೆ. ಇಂಜಿನಿಯರಿಂಗ್‌ನಲ್ಲಿ ನನ್ನ ಬೆಂಚ್‌ಮೇಟ್ ಆಗಿದ್ದ ಗೆಳೆಯ ಇಲ್ಲೇ ಒಂದು ಕೆರೆದಂಡೆಯ ಬಡಾವಣೆಯಲ್ಲಿ 2021ರಿಂದ ಇದ್ದಾನೆ. "ಮಗಾ, ನಮ್ಮ ಬೀದೀಲೇ ಒಂದು ಮನೆ ಬಂದಿದೆ. ಯೋಚನೆ ಮಾಡ್ತಾ ಕೂತ್ರೆ ಕೈ ತಪ್ಪತ್ತೆ" ಅಂದ. ಹೋದೆವು. ಹೊರಗೆ 44 ಡಿಗ್ರಿ. ಹಿತ್ತಿಲ ಬಾಗಿಲು ತೆಗೆದರೆ ಎದುರಿಗೇ ನೀರು. ಬಾತುಕೋಳಿ, ಖರ್ಜೂರದ ಮರ, ನಡುವೆ ಕಾರಂಜಿ. ನನ್ನವಳು ತೀರ್ಥಹಳ್ಳಿ ಕಡೆಯವಳು. ಇಲ್ಲಿಗೆ ಬಂದು ಎರಡು ವರ್ಷವಾದ ಮೇಲೆ ಅವಳ ಮುಖ ಹಾಗೆ ಅರಳಿದ್ದನ್ನು ಅವತ್ತೇ ನೋಡಿದ್ದು. ನಾನು ಕೋಲಾರದವನು. ನೀರು ಕಂಡರೆ ನಡೀತಿದ್ದವರೂ ನಿಂತು ನೋಡುವ ಊರಿನವನು. ನನಗೇನು ಆಸೆ ಆಗಲಿಲ್ಲ ಅಂದ್ಕೊಂಡ್ರಾ?

ಆದರೆ ಕೋಲಾರದವರಿಗೆ ಇನ್ನೊಂದು ಚಟ. ಕೆರೆ ಕಂಡರೆ ನೀರು ಎಲ್ಲಿಂದ ಬರತ್ತೆ, ಎಲ್ಲಿಗೆ ಹೋಗತ್ತೆ ಅಂತ ಕೇಳೋದು. ಏಜೆಂಟಮ್ಮನನ್ನು ಕೇಳಿದೆ. ಚರಂಡಿ ನೀರನ್ನು ಶುದ್ಧ ಮಾಡಿ ತುಂಬಿಸ್ತಾರಂತೆ. ಈಜುವ ಹಾಗಿಲ್ಲ. ನೀರು ಇಂಗಬಾರದು ಅಂತ ತಳಕ್ಕೆ ಹೊದಿಕೆ ಹಾಸಿದ್ದಾರೆ. ಪಾಚಿ ಕಟ್ಟದಿರಲಿ, ನೋಡೋಕೂ ಚೆನ್ನಾಗಿರಲಿ ಅಂತ ಆಗಾಗ ನೀಲಿ ಬಣ್ಣ ಬೆರೆಸ್ತಾರೆ. ಬಣ್ಣ ಕಣ್ರೀ! ಎಲ್ಲಿಗೆ ಹೋಗತ್ತೆ ಅನ್ನೋದಕ್ಕೆ ಉತ್ತರ ಇರಲಿಲ್ಲ. ಯಾಕಂದ್ರೆ ಅದು ಎಲ್ಲಿಗೂ ಹೋಗಲ್ಲ, ಬಿಸಿಲಿಗೆ ಆವಿಯಾಗತ್ತೆ ಅಷ್ಟೆ. ಈ ಸೀಮೆಯಲ್ಲಿ ತೆರೆದ ನೀರು ವರ್ಷಕ್ಕೆ ಸುಮಾರು ಆರಡಿ ಆವಿಯಾಗತ್ತೆ. ಬೀಳೋ ಮಳೆ ಏಳೆಂಟು ಇಂಚು.

ನಮ್ಮ ಕಡೆ ಕೆರೆಗಳಿಗೂ ಈಗ ಶುದ್ಧ ಮಾಡಿದ ಕೊಳಚೆ ನೀರೇ ಬರತ್ತೆ, ಬೆಂಗಳೂರಿಂದ. ಕೆ.ಸಿ. ವ್ಯಾಲಿ ಯೋಜನೆ, 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಶುರುವಾಯ್ತು. ಶುರುವಾಗಿ ಸ್ವಲ್ಪ ದಿನಕ್ಕೇ ನೊರೆ ಬಂತು, ಕೇಸು ಕೋರ್ಟು ಅಂತೆಲ್ಲ ಆಯ್ತು. ಎರಡೇ ಹಂತದ ಶುದ್ಧೀಕರಣ ಸಾಕಾ ಅಂತ ನನಗೂ ತಕರಾರಿದೆ, ಅದನ್ನು ಇನ್ನೊಂದು ದಿನ ಬರೀತೀನಿ. ಆದರೆ ಆ ನೀರನ್ನು ತಂದಿದ್ದು ಇಂಗಲಿ ಅಂತ. ಕೆರೆ ಇಂಗಿದರೆ ತಾನೇ ಬಾವಿ, ಬೋರ್‌ವೆಲ್ ತುಂಬೋದು. ಇಲ್ಲಿ ಒಂದು ಹನಿ ಇಂಗಬಾರದು ಅಂತ ಕಾವಲು! ನೀರಿಗೆ ಇಲ್ಲಿರೋದು ಒಂದೇ ಕೆಲಸ, ದಂಡೆ ಮೇಲಿನ ಮನೆಯ ರೇಟು ಏರಿಸೋದು.

ಸರ್ಕಾರಕ್ಕೂ ಇದು ಗೊತ್ತಿಲ್ಲದ್ದೇನಲ್ಲ. 1987ರಲ್ಲೇ ಕಾನೂನು ಮಾಡಿದ್ದಾರೆ. ಫೀನಿಕ್ಸ್‌ನಂಥ ಪ್ರದೇಶಗಳಲ್ಲಿ 12,320 ಚದರಡಿಗಿಂತ (ನಮ್ಮ ಲೆಕ್ಕದಲ್ಲಿ ಹನ್ನೊಂದು ಗುಂಟೆ ಚಿಲ್ಲರೆ) ದೊಡ್ಡ ಹೊಸ ಅಲಂಕಾರದ ಕೆರೆಗೆ ಅಂತರ್ಜಲವಾಗಲಿ ನದಿ ನೀರಾಗಲಿ ತುಂಬಿಸಬಾರದು, ಕೆಲವು ವಿನಾಯಿತಿ ಬಿಟ್ಟರೆ. ಬಳಸಿ ಶುದ್ಧ ಮಾಡಿದ ನೀರು ತುಂಬಿಸಬಹುದು. ಗೆಳೆಯ ಹಿಡಿದುಕೊಂಡಿರೋದು ಇದನ್ನೇ. "ಲೋ, ಅದು ಹೇಗಿದ್ರೂ ವೇಸ್ಟ್ ನೀರು ಕಣೋ, ಯಾರ ಬಾಯಿಂದ ಕಿತ್ಕೊಂಡಿಲ್ಲ." ವೇಸ್ಟ್ ಅಂತೆ! ಫೀನಿಕ್ಸಿನ ಪಶ್ಚಿಮಕ್ಕೆ ಪಾಲೊ ವರ್ಡೆ ಅಣುಸ್ಥಾವರ ಇದೆ, ಪಕ್ಕದಲ್ಲಿ ಸಮುದ್ರ ಇಲ್ಲ, ನದಿ ಇಲ್ಲ. ಮೂರು ರಿಯಾಕ್ಟರನ್ನೂ ತಂಪು ಮಾಡ್ತಿರೋದು ಇಂಥದೇ ಶುದ್ಧ ಮಾಡಿದ ಚರಂಡಿ ನೀರು. ಅದೇ ನೀರನ್ನು ನೆಲಕ್ಕೆ ಇಂಗಿಸಿ ಬರಗಾಲಕ್ಕೆ ಕೂಡಿಡೋ ಊರುಗಳೂ ಇಲ್ಲೇ ಇವೆ. ಮರುಭೂಮಿಯಲ್ಲಿ ವೇಸ್ಟ್ ನೀರು ಅನ್ನೋದೇ ಇಲ್ಲ.

ಅವನ ಇನ್ನೊಂದು ವಾದ ಮಾತ್ರ ಸರಿ. ಈ ರಾಜ್ಯದ ನೀರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಕುಡಿಯೋದು ಹೊಲ, ದನದ ಮೇವಿನ ಅಲ್ಫಾಲ್ಫಾ, ಹತ್ತಿ ಇತ್ಯಾದಿ. ಬಡಾವಣೆ ಕೆರೆ ಯಾವ ಲೆಕ್ಕ? ಒಪ್ಪಿದೆ, ಲೀಟರ್ ಲೆಕ್ಕದಲ್ಲಿ ಅವನೇ ಗೆದ್ದ. ನನ್ನ ಜಗಳ ಲೀಟರಿನದ್ದಲ್ಲ.

ಜಗಳ ಏನಪ್ಪಾ ಅಂದ್ರೆ, ಈ ಕೆರೆ ಇಳಿಯೋದೇ ಇಲ್ಲ.

ನಮ್ಮೂರಲ್ಲಿ ಓದು ಬರಹ ಬಾರದ ನಮ್ಮಜ್ಜ ಕೂಡ ಕೆರೆ ಓದ್ತಿದ್ರು. ತೂಬಿನ ಕಲ್ಲು ಎಷ್ಟು ಮುಳುಗಿದೆ ನೋಡಿ ಈ ಸಲ ಭತ್ತವೋ ರಾಗಿಯೋ ತೀರ್ಮಾನ. ನೀರಗಂಟಿ ಹೇಳಿದ ಮೇಲೆ ಮುಗೀತು, ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನೋದು ಅವನ ಕೈಲಿ. ಕೆರೆ ಬತ್ತಿದ ವರ್ಷ ಇಡೀ ಊರಿಗೆ ಗೊತ್ತಾಗ್ತಿತ್ತು, ಬತ್ತಿದೆ ಅಂತ. ಇಲ್ಲಿ? 2022ರ ಜುಲೈನಲ್ಲಿ ಕೊಲರಾಡೊ ನದಿಯ ಲೇಕ್ ಮೀಡ್ ಜಲಾಶಯ, 1930ರ ದಶಕದಲ್ಲಿ ತುಂಬಿದಾಗಿನಿಂದ ಎಂದೂ ಕಾಣದಷ್ಟು ಕೆಳಕ್ಕೆ ಹೋಯ್ತು, ಯಾವ ಕಾಲದಲ್ಲೋ ಮುಳುಗಿದ ದೋಣಿಗಳು ಮೇಲೆ ಬಂದವು. 2023ಕ್ಕೆ ಅರಿಜೋನಾದ ಪಾಲಿನಲ್ಲಿ ಶೇ. 21 ಕಡಿತ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸುಮಾರು 26 ಟಿಎಂಸಿ, ಅರ್ಧ ಕೆ.ಆರ್.ಎಸ್.ಗಿಂತ ಜಾಸ್ತಿ! ಅದೇ ವರ್ಷ ಜನವರಿ 1ರಂದು ಸ್ಕಾಟ್ಸ್‌ಡೇಲ್ ನಗರ ಪಕ್ಕದ ರಿಯೊ ವರ್ಡೆ ಫುಟ್‌ಹಿಲ್ಸ್‌ಗೆ ಹೋಗ್ತಿದ್ದ ಟ್ಯಾಂಕರ್ ನೀರು ನಿಲ್ಲಿಸ್ತು. ಜೂನ್‌ನಲ್ಲಿ, ಅಂತರ್ಜಲವನ್ನೇ ನಂಬಿದ ಹೊಸ ಬಡಾವಣೆಗಳಿಗೆ ಫೀನಿಕ್ಸ್ ಸುತ್ತ ಇನ್ನು ಒಪ್ಪಿಗೆ ಇಲ್ಲ ಅಂತ ರಾಜ್ಯ ಸರ್ಕಾರ ಹೇಳ್ತು. ಆ ಬೇಸಿಗೆ ಫೀನಿಕ್ಸಿನಲ್ಲಿ 31 ದಿನ ಒಂದೇ ಸಮ 110 ಫ್ಯಾರನ್‌ಹೀಟ್ ದಾಟಿತು ಇಲ್ಲವೇ ಮುಟ್ಟಿತು, ಆ ವರ್ಷ ಈ ಜಿಲ್ಲೆಯೊಂದರಲ್ಲೇ ಬಿಸಿಲಿನಿಂದ ಸತ್ತವರು 645 ಜನ. ಗೆಳೆಯನ ಹಿತ್ತಿಲ ನೀರು ಆಗ ಎಷ್ಟು ಇಳಿದಿತ್ತು ಅಂತ ಅವನನ್ನೇ ಕೇಳಿದೆ. "ಇಳಿಯೋದಾ? ಯಾಕೆ?" ಅಂದ.

ಸಾಫ್ಟ್‌ವೇರಿನವರಿಗೆ ಇದು ಬೇಗ ಅರ್ಥ ಆಗತ್ತೆ. ಸರ್ವರ್ ಸಾಯ್ತಾ ಇದ್ರೂ ಡ್ಯಾಶ್‌ಬೋರ್ಡ್ ಹಸಿರೇ ತೋರಿಸೋ ಹಾಗೆ ಯಾರಾದ್ರೂ ಹಾರ್ಡ್‌ಕೋಡ್ ಮಾಡಿದ್ರೆ ಕೋಡ್ ರಿವ್ಯೂನಲ್ಲಿ ಬಿಡ್ತೀವಾ? ಇಲ್ಲಿ ಅದನ್ನೇ ಹಿತ್ತಿಲಲ್ಲಿಟ್ಟು ಪ್ರೀಮಿಯಂ ಕೇಳ್ತಿದ್ದಾರೆ. ಕೊಲರಾಡೊ ನೀರಿನ ಕೊರತೆಯನ್ನು ಹಂಚಿಕೊಳ್ಳೋಕೆ 2007ರಲ್ಲಿ ಮಾಡಿಕೊಂಡ ನಿಯಮಗಳ ಆಯಸ್ಸು 2026ರ ಕೊನೆಯವರೆಗೆ. ಮನೆ ಸಾಲ ಮೂವತ್ತು ವರ್ಷ!

ಚಾಂಡ್ಲರಿನ ಪಶ್ಚಿಮದ ಗಡಿಗೇ ಹೀಲಾ ನದಿಯ ಮೂಲನಿವಾಸಿಗಳ ನೆಲ ಇದೆ. ತಮ್ಮನ್ನು ಅವರು ಅಕಿಮೆಲ್ ಓಓದಮ್ ಅಂತ ಕರ್ಕೊಳ್ತಾರೆ, ಹೊಳೆಯ ಜನ ಅಂತ ಅರ್ಥ. ಕಾಲುವೆ ತೋಡಿ ಬೇಸಾಯ ಮಾಡ್ಕೊಂಡಿದ್ದೋರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಮೇಲಿನವರು ನೀರು ತಿರುಗಿಸಿಕೊಂಡು ಇವರ ಹೊಳೆ ಒಣಗಿತು, ಹೊಟ್ಟೆಗಿಲ್ಲದೆ ಸತ್ತರು. ನೀರಿನ ಹಕ್ಕು ಕಾನೂನಾಗಿ ಕೈಗೆ ಬಂದಿದ್ದು 2004ರಲ್ಲಿ. ಆ ನೆಲದಿಂದ ಕೆಲವೇ ಮೈಲಿಯಾಚೆ, ಬಣ್ಣ ಬೆರೆಸಿದ ನೀರಿನ ಮುಂದೆ ಕೂತು ನಾನು ವೀಕೆಂಡ್ ಕಾಫಿ ಕುಡೀಬೇಕು. ಕಾವೇರಿ ವಿಷಯಕ್ಕೆ ಅಷ್ಟು ಗಂಟಲು ಹರ್ಕೊಳ್ಳೋ ನಮಗೆ ಇದು ಕಾಣಲ್ವಾ?

ಇಷ್ಟನ್ನೂ ಮನೆಯಲ್ಲಿ ಜೋರಾಗಿ ಭಾಷಣ ಮಾಡಿದೆ. ನನ್ನವಳು ಪೂರ್ತಿ ಕೇಳಿ ಒಂದೇ ಮಾತು ಅಂದಳು. "ನೀವು ದಿನವಿಡೀ ಆಫೀಸಲ್ಲಿ ಇರ್ತೀರಿ. ಕಿಟಕೀಲಿ ಕಲ್ಲು, ಗೋಡೆ ನೋಡ್ತಾ ಕೂರೋಳು ನಾನು." ಎಚ್-4 ವೀಸಾ, ಕೆಲಸ ಮಾಡೋ ಹಾಗಿಲ್ಲ. ಇದಕ್ಕೆ ನನ್ನ ಹತ್ರ ಟಿಎಂಸಿ ಲೆಕ್ಕ ಯಾವುದೂ ಇರಲಿಲ್ಲ, ಈಗಲೂ ಇಲ್ಲ.

ಮೊನ್ನೆ ಶನಿವಾರ ಇನ್ನೊಂದು ಮನೆ ನೋಡಿದೆವು. ಕೆರೆ ಇಲ್ಲ, ಹುಲ್ಲೂ ಇಲ್ಲ, ಬರೀ ಜಲ್ಲಿ ಹಾಸಿದ ಅಂಗಳ, ಮಧ್ಯ ಒಂದು ಪಾಲೊ ವರ್ಡೆ ಮರ (ಅಣುಸ್ಥಾವರದ ಹೆಸರು ಈ ಮರದ್ದೇ). ಕಾಂಡವೂ ಹಸಿರು. ಅವಳು ಅದರ ಕೆಳಗೆ ಸ್ವಲ್ಪ ಹೊತ್ತು ನಿಂತು, ನೆರಳು ಪರವಾಗಿಲ್ಲ ಅಂದಳು. ಚೆನ್ನಾಗಿದೆ ಅನ್ನಲಿಲ್ಲ. ರಾತ್ರಿ ಅವಳನ್ನು ಕೇಳಿಕೊಂಡೇ ಕೆರೆ ಮನೆಯ ಏಜೆಂಟಮ್ಮನಿಗೆ ಬೇಡ ಅಂತ ಮೇಲ್ ಹಾಕಿದೆ. ಗೆಳೆಯನಿಗೂ ಫೋನ್ ಮಾಡಿದೆ. ಇನ್ನೂ ಎತ್ತಿಲ್ಲ.