ಹಳೆಯ ಕಾರಿನ ವಯಸ್ಸನ್ನಲ್ಲ, ಆರೋಗ್ಯವನ್ನು ಕೇಳಿ

ಕಳೆದ ತಿಂಗಳು ಮದುವೆಯೊಂದರ ಊಟ ಮುಗಿಸಿ ಹೊರಗೆ ಬಂದಾಗ, ಸಭಾಭವನದ ಅಂಗಳದಲ್ಲಿ ನಿಂತಿದ್ದ ನನ್ನ ಕಾರನ್ನು ನೋಡಿ ಮಾವ ಕೇಳಿದರು: “ಎಂತ ಮಾರಾಯ್ತಿ, ಡಾಕ್ಟ್ರೇಟು ಮಾಡುವವಳು ಇನ್ನೂ ಈ ಡಬ್ಬಾದಲ್ಲೇ ಓಡಾಡುವುದಾ? ಲೋನ್ ತೆಗೆದು ಒಂದು ಹೊಸತು ಮಾಡ್ಬಾರ್ದಾ?” ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಮಾತು ಕಿವಿಯಲ್ಲೇ ಇತ್ತು. ಅದು ಮಾವನೊಬ್ಬರ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅದೇ ಮಾತನ್ನು ಶೋರೂಮಿನವರು ಜಾಹೀರಾತಿನಲ್ಲಿ ಹೇಳುತ್ತಾರೆ, ಬ್ಯಾಂಕಿನವರು ಫೋನಿನಲ್ಲಿ ಹೇಳುತ್ತಾರೆ, ಸರಕಾರ ಅಧಿಸೂಚನೆಯಲ್ಲಿ ಹೇಳುತ್ತದೆ. ಹಳೆಯ ಕಾರು ಇಟ್ಟುಕೊಳ್ಳುವುದು ಬಡತನದ ಗುರುತು, ಇಲ್ಲವೇ ಪರಿಸರದ್ರೋಹ. ಎರಡನ್ನೂ ಒಪ್ಪದವಳಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದು 2009ರ ಸ್ವಿಫ್ಟ್, ಪೆಟ್ರೋಲ್, 1.3 ಲೀಟರ್. ಮೂರನೇ ಒಡತಿ ನಾನು. ಮೂರು ವರ್ಷದ ಹಿಂದೆ 1,20,000 ರೂಪಾಯಿಗೆ ಕೊಂಡೆ. ಸಂಶೋಧನೆಯ ವಿಷಯ ಯಕ್ಷಗಾನ ಮೇಳಗಳಿಗೆ ಸಂಬಂಧಿಸಿದ್ದು. ಆಟ ರಾತ್ರಿ ನಡೆಯುತ್ತದೆ. ಪುತ್ತೂರಿನ ಒಳಗೆಲ್ಲೋ, ಕುಂಬಳೆಯ ಆಚೆಗೆಲ್ಲೋ ಗದ್ದೆಯ ನಡುವೆ ಚಪ್ಪರ ಹಾಕಿರುತ್ತಾರೆ. ಅಲ್ಲಿಂದ ನಡುರಾತ್ರಿ ಅಥವಾ ಬೆಳಗಿನ ಜಾವ ಮಂಗಳೂರಿಗೆ ಮರಳಬೇಕು. “ಬಸ್ಸಿನಲ್ಲಿ ಹೋಗಬಹುದಲ್ಲ” ಎನ್ನುವ ಗೆಳೆಯರಿಗೆ ಒಂದು ಮಾತು: 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಇಡೀ ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವಾಯಿತು. ಆದರೆ ನಮ್ಮ ಊರಿನ ಸಿಟಿ ಬಸ್ಸುಗಳು ಬಹುಪಾಲು ಖಾಸಗಿಯವು. ಅಲ್ಲಿ ನಾವು ಈಗಲೂ ಟಿಕೆಟ್ ತೆಗೆಯುತ್ತೇವೆ. ರಾತ್ರಿ ಒಂಬತ್ತು ದಾಟಿತೆಂದರೆ ದುಡ್ಡು ಕೊಡುತ್ತೇನೆಂದರೂ ಬಸ್ಸು ಅಪರೂಪ. ಕಾರು ನನಗೆ ಮೆರವಣಿಗೆಯ ವಸ್ತುವಲ್ಲ, ರಾತ್ರಿ ಮನೆ ಸೇರುವ ದಾರಿ.

ಹಾಗಾದರೆ ಮೈಲೇಜು ಕೊಡುವ ಒಂದು ಸಾಧು ಕಾರು ಸಾಕಿತ್ತಲ್ಲ, ಓಡಲು ತವಕಿಸುವ ಇದೇ ಏಕೆ? ನನ್ನ ತಕರಾರು ಶುರುವಾಗುವುದೇ ಈ ಪ್ರಶ್ನೆಯಿಂದ. ಕಡಿಮೆ ದುಡ್ಡಿರುವವರು ಉಪಯೋಗವನ್ನಷ್ಟೇ ಕೊಳ್ಳಬೇಕು, ಸಂತೋಷವನ್ನು ಅಲ್ಲ ಎಂಬ ಅಲಿಖಿತ ನಿಯಮವೊಂದು ಅದರೊಳಗಿದೆ. ‘ಹಾಟ್ ಹ್ಯಾಚ್’ ಎಂಬ ಜಾತಿಯ ಕಾರು ಹುಟ್ಟಿದ್ದೇ ಈ ನಿಯಮವನ್ನು ಮುರಿಯುತ್ತ. 1976ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿ ತನ್ನ ಸಾಮಾನ್ಯ ಗಾಲ್ಫ್ ಕಾರಿಗೆ 110 ಅಶ್ವಶಕ್ತಿಯ ಇಂಜಿನ್ ಕೂಡಿಸಿ ‘ಜಿಟಿಐ’ ಎಂದು ಕರೆಯಿತು. ಐದು ಸಾವಿರ ಕಾರು ಮಾರಿದರೆ ಸಾಕೆಂದು ಹೊರಟಿದ್ದರು, ಆ ಮೊದಲ ಪೀಳಿಗೆಯೇ ನಾಲ್ಕು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಹಿಂದಿನ ಬಾಗಿಲು ತೆರೆದು ತರಕಾರಿ ತುಂಬಬಹುದು, ಮಕ್ಕಳನ್ನು ಶಾಲೆಗೆ ಬಿಡಬಹುದು, ಖಾಲಿ ರಸ್ತೆ ಸಿಕ್ಕಾಗ ಮನಸ್ಸು ಹಗುರವಾಗುವಂತೆ ಓಡಿಸಬಹುದು. ಒಂದೇ ಕಾರು ಎರಡೂ ಆಗಬಹುದು ಎಂಬುದೇ ಅದರ ವಾದ.

ನನ್ನ ಸ್ವಿಫ್ಟ್ ಆ ಕಟ್ಟುನಿಟ್ಟಿನ ಅರ್ಥದಲ್ಲಿ ಹಾಟ್ ಹ್ಯಾಚ್ ಅಲ್ಲ ಎಂದು ಬಲ್ಲವರು ಹೇಳಿಯಾರು. ಒಪ್ಪಿದೆ. ಸ್ವಿಫ್ಟ್ ಸ್ಪೋರ್ಟ್ ಭಾರತಕ್ಕೆ ಬರಲೇ ಇಲ್ಲ. ನಮಗೆ ಸಿಕ್ಕ ಕೆಲವೇ ಕೆಲವು ಬಿಸಿರಕ್ತದ ಹ್ಯಾಚ್‌ಬ್ಯಾಕ್‌ಗಳ ಕತೆಯೂ ಬೇಗ ಮುಗಿಯಿತು. 2001ರ ಫಿಯೆಟ್ ಪಾಲಿಯೊ 1.6, 2013ರ ಪೋಲೊ ಜಿಟಿ, 2015ರ 145 ಅಶ್ವಶಕ್ತಿಯ ಅಬಾರ್ಥ್ ಪುಂಟೊ ಎಲ್ಲವೂ ಈಗ ಸೆಕೆಂಡ್‌ಹ್ಯಾಂಡ್ ಪೇಟೆಯ ಹೆಸರುಗಳು. 2016ರಲ್ಲಿ ಬಂದ ನಿಜವಾದ ಪೋಲೊ ಜಿಟಿಐ ಬೆಲೆ ಇಪ್ಪತ್ತೈದು ಲಕ್ಷ ಮೀರಿತ್ತು. ಇವುಗಳ ನಡುವೆ, ಸುಮಾರು ಒಂದು ಟನ್ ತೂಕಕ್ಕೆ 87 ಅಶ್ವಶಕ್ತಿ ಇದ್ದ ಹಳೆಯ 1.3 ಸ್ವಿಫ್ಟ್ ನಮ್ಮಂಥವರ ಕೈಗೆ ಎಟುಕಿದ ಹಾಟ್ ಹ್ಯಾಚ್. ದೇರಳಕಟ್ಟೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ಅದು ಎಳೆಯುವ ರೀತಿಯನ್ನು ನೋಡಿದವರು ಈ ಬಿರುದಿಗೆ ತಕರಾರು ಮಾಡುವುದಿಲ್ಲ.

ಇಂಥ ಕಾರುಗಳು ನಮ್ಮಲ್ಲಿ ಏಕೆ ಬೆಳೆಯಲಿಲ್ಲ? ರುಚಿ ಇರಲಿಲ್ಲವೆಂದಲ್ಲ. ಕಾರಣ ಬಹುಮಟ್ಟಿಗೆ ತೆರಿಗೆಯ ಅಳತೆಪಟ್ಟಿ. 2006ರ ಕೇಂದ್ರ ಬಜೆಟ್ ‘ಸಣ್ಣ ಕಾರು’ ಎಂದರೇನೆಂದು ಗೆರೆ ಎಳೆಯಿತು: ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಇಂಜಿನ್ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ದಾಟಬಾರದು. ಒಳಗಿದ್ದವಕ್ಕೆ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. ನನ್ನ ಕಾರಿನ ಇಂಜಿನ್ 1,298 ಸಿಸಿ. ಗೆರೆಯಿಂದ 98 ಸಿಸಿ ಆಚೆ. 2010ರಲ್ಲಿ ಅದರ ಜಾಗಕ್ಕೆ ಬಂದ ಇಂಜಿನ್ 1,197 ಸಿಸಿ, ಗೆರೆಯಿಂದ ಮೂರೇ ಸಿಸಿ ಒಳಗೆ. ಪೋಲೊ ಜಿಟಿಯ ಟರ್ಬೊ ಪೆಟ್ರೋಲ್ ಇಂಜಿನ್ ಕೂಡ 1,197 ಸಿಸಿಯೇ. ಅಳತೆ ಯಾವುದೋ, ಕಾರು ಅಂಥದ್ದು. ಇಂದಿನ ಜಿಎಸ್‌ಟಿಯಲ್ಲೂ ಅದೇ ನಾಲ್ಕು ಮೀಟರಿನ ಕೋಲು ಇದೆ.

ಈಗ ಅದೇ ಕೈಗಳು ಇನ್ನೊಂದು ಕೋಲು ಹಿಡಿದಿವೆ, ಅದರ ಹೆಸರು ವಯಸ್ಸು. 2021ರ ಆಗಸ್ಟ್‌ನಲ್ಲಿ ಗುಜರಿ ನೀತಿ ಬಂತು. 2022ರ ಏಪ್ರಿಲ್ 1ರಿಂದ, ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದವಕ್ಕೆ 10,000 ಎಂದಾಯಿತು. ದೆಹಲಿಯಲ್ಲಿ 2025ರ ಜುಲೈ 1ರಿಂದ ಹದಿನೈದು ವರ್ಷದ ಪೆಟ್ರೋಲ್ ಕಾರಿಗೂ ಹತ್ತು ವರ್ಷದ ಡೀಸೆಲ್ ಕಾರಿಗೂ ಬಂಕಿನಲ್ಲಿ ಇಂಧನವೇ ಇಲ್ಲವೆಂದರು. ಜನ ಸಿಟ್ಟಾದ ಮೇಲೆ ಕೆಲವೇ ದಿನಗಳಲ್ಲಿ ಆ ಆಜ್ಞೆಯನ್ನು ತಡೆಹಿಡಿದರು.

ನನ್ನ ವಿರೋಧ ಶುಲ್ಕದ ಮೊತ್ತಕ್ಕಿಂತ ಅದರ ತರ್ಕಕ್ಕೆ. ಕಪ್ಪು ಹೊಗೆ ಉಗುಳುತ್ತ, ಬ್ರೇಕ್ ಸರಿಯಿಲ್ಲದೆ ಓಡುವ ಕಾರಿಗೂ ಐದು ಸಾವಿರ, ಎಣ್ಣೆ ಬದಲಿಸಿ, ಬುಷ್ ಬದಲಿಸಿ, ಮಗುವಿನಂತೆ ನೋಡಿಕೊಂಡ ಕಾರಿಗೂ ಐದು ಸಾವಿರ. ವರ್ಷಕ್ಕೆ ಏಳು ಸಾವಿರ ಕಿಲೋಮೀಟರ್ ಓಡುವ ನನ್ನ ಹದಿನಾರು ವರ್ಷದ ಕಾರು ಅಪರಾಧಿ, ವರ್ಷಕ್ಕೆ ನಲವತ್ತು ಸಾವಿರ ಓಡುವ ಎರಡು ಟನ್ ತೂಕದ ಹೊಸ ಎಸ್‌ಯುವಿ ಸಜ್ಜನ. ಹೊಸ ಕಾರು ತಯಾರಾಗುವಾಗ ಕರಗುವ ಉಕ್ಕು, ಉರಿಯುವ ಕಲ್ಲಿದ್ದಲು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಇದು ಪರಿಸರದ ಲೆಕ್ಕವಲ್ಲ, ಮಾರಾಟದ ಲೆಕ್ಕ.

ಪೆಟ್ರೋಲಿನ ವಿಷಯವೂ ಹಾಗೆಯೇ. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತದ್ದು. ಹಳೆಯ ಕಾರುಗಳ ಮೈಲೇಜು ಇದರಿಂದ ಶೇ. 6-7ರಷ್ಟು ಇಳಿಯಬಹುದೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳ ಮೇಲಿನ ಪರಿಣಾಮ ಬೇರೆ. ಬೇಡವೆನ್ನಲು ನಮಗೆ ಬೇರೆ ಪಂಪ್ ಇಲ್ಲ. ಹಳೆಯ ಕಾರಿನವರು ಹೆಚ್ಚು ಶುಲ್ಕವನ್ನೂ ಕೊಡಬೇಕು, ತಮಗೆ ಹೊಂದದ ಇಂಧನವನ್ನೂ ಹಾಕಿಸಬೇಕು.

ಇನ್ನು ಮಾವನ ಲೋನಿನ ಮಾತಿಗೆ ಬರುತ್ತೇನೆ. ಆರು ಲಕ್ಷ ಸಾಲ, ಶೇ. 9 ಬಡ್ಡಿ, ಏಳು ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 9,650 ರೂಪಾಯಿ. ತೀರಿಸುವಷ್ಟರಲ್ಲಿ ಎಂಟು ಲಕ್ಷ ಹತ್ತು ಸಾವಿರ ಕೊಟ್ಟಿರುತ್ತೇವೆ. ಜೆಆರ್‌ಎಫ್ ಸಿಕ್ಕ ಭಾಗ್ಯವಂತರಿಗೆ 2023ರ ಪರಿಷ್ಕರಣೆಯ ನಂತರ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಆದ ಮೇಲೆ 42,000. ಅದೂ ಹೆಚ್ಚೆಂದರೆ ಐದು ವರ್ಷ. ಐದು ವರ್ಷಕ್ಕೆ ನಿಲ್ಲುವ ಸಂಬಳದ ಮೇಲೆ ಏಳು ವರ್ಷದ ಸಾಲ ಹೊರಿಸುವುದನ್ನು ನಮ್ಮ ಸಮಾಜ ‘ಸೆಟ್ಲ್ ಆಗುವುದು’ ಎನ್ನುತ್ತದೆ.

ನನ್ನ ನೋಟ್‌ಬುಕ್ಕಿನ ಲೆಕ್ಕ ಹೀಗಿದೆ. ಮೂರು ವರ್ಷದಲ್ಲಿ ಕ್ಲಚ್ 7,500, ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್ 5,200, ರೇಡಿಯೇಟರ್ 4,800, ನಾಲ್ಕು ಟೈರ್ 15,600, ಶಾಕ್ ಅಬ್ಸಾರ್ಬರ್ ಮತ್ತು ಬುಷ್‌ಗಳು 13,500, ತುಕ್ಕು ಕೆರೆದು ಟಿಂಕರಿಂಗ್-ಪೇಂಟಿಂಗ್ 9,000, ಬ್ಯಾಟರಿ 4,400, ಆರು ಸಲ ಸರ್ವೀಸ್ 15,000, ಚಿಲ್ಲರೆ 6,000. ಒಟ್ಟು 81,000. ಥರ್ಡ್ ಪಾರ್ಟಿ ವಿಮೆ ಮತ್ತು ನವೀಕರಣ ಶುಲ್ಕ ಸೇರಿಸಿದರೆ 98,000. ಕೊಂಡ ಬೆಲೆಯನ್ನೂ ಕೂಡಿಸಿ, ಇವತ್ತು ಕಾರಿನ ಬೆಲೆ ಸೊನ್ನೆ ಎಂದುಕೊಂಡರೂ ತಿಂಗಳಿಗೆ ಸುಮಾರು 6,000. ಹೊಸ ಕಾರಿನ ಬರೀ ಕಂತಿಗಿಂತ ಮೂರೂವರೆ ಸಾವಿರ ಕಡಿಮೆ. ಯಾರ ಋಣವೂ ಇಲ್ಲ.

ಆದರೆ ಈ ಲೆಕ್ಕ ಓದಿ ನಾಳೆಯೇ ಹಳೆಯ ಕಾರು ಹುಡುಕಲು ಹೊರಡುವವರಿಗೆ ನಾನು ಮುಚ್ಚಿಡಬಾರದ ಸಂಗತಿಯೊಂದಿದೆ. ರೇಡಿಯೇಟರಿನ 4,800 ರೂಪಾಯಿಯ ಹಿಂದೆ ಒಂದು ರಾತ್ರಿ ಇದೆ. ಕಾಸರಗೋಡು ಕಡೆಯಿಂದ ಆಟ ನೋಡಿ ಬರುತ್ತಿದ್ದೆ. ಉಪ್ಪಳದ ಹತ್ತಿರ, ಬೆಳಗಿನ ಮೂರು ಗಂಟೆಗೆ, ಬಿಸಿಯ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ ಎತ್ತಿದರೆ ಹಬೆ. ಹೆದ್ದಾರಿಯ ಅಂಚಿನಲ್ಲಿ ಒಬ್ಬಳೇ ನಲವತ್ತು ನಿಮಿಷ ನಿಂತೆ. ಕೊನೆಗೆ ಲಾರಿಯೊಂದು ನಿಂತಿತು. ಅದರ ಚಾಲಕ ಕ್ಯಾನಿನಲ್ಲಿ ನೀರು ಕೊಟ್ಟು, ಇಂಜಿನ್ ಆರುವವರೆಗೆ ದೂರದಲ್ಲೇ ಕಾದು, ಮುಂದೆ ಹೋದರು. “ರೇಡಿಯೇಟರ್ ಸೋರ್ತಾ ಉಂಟು, ಈ ಮಳೆಗಾಲದೊಳಗೆ ಬದಲಿಸಿ ಅಕ್ಕ” ಎಂದು ಗ್ಯಾರೇಜಿನ ಅಣ್ಣ ಎರಡು ತಿಂಗಳ ಹಿಂದೆಯೇ ಹೇಳಿದ್ದ. ದುಡ್ಡು ಉಳಿಸಲು ಮುಂದೂಡಿದವಳು ನಾನು. ತಪ್ಪು ಕಾರಿನ ವಯಸ್ಸಿನದಲ್ಲ, ನನ್ನ ಜಿಪುಣತನದ್ದು.

ಆದ್ದರಿಂದ ‘ಹಳೆಯ ಹಾಟ್ ಹ್ಯಾಚ್ ಬಹಳ ಅಗ್ಗ’ ಎಂದು ಬೀಗುವ ನನ್ನದೇ ಬಳಗದವರೊಂದಿಗೂ ನನಗೆ ಜಗಳವಿದೆ. ಕೊಳ್ಳುವಾಗ ಮಾತ್ರ ಅದು ಅಗ್ಗ. ಆಮೇಲೆ ಅದಕ್ಕೆ ಕೊಡಬೇಕಾದದ್ದು ಗಮನ. ಕಡಲ ಗಾಳಿಯ ಈ ಊರಿನಲ್ಲಿ, ನಾಲ್ಕು ತಿಂಗಳು ಎಡೆಬಿಡದ ಮಳೆಯಲ್ಲಿ, ಬಾಗಿಲಿನಡಿಯ ನೀರು ಹೋಗುವ ತೂತುಗಳಲ್ಲಿ ಎಲೆ ಕಟ್ಟಿಕೊಂಡರೆ ಒಂದೇ ವರ್ಷದಲ್ಲಿ ತಗಡು ತಿಂದುಹೋಗುತ್ತದೆ. ಅದನ್ನು ನೋಡುವ ವ್ಯವಧಾನ ಇಲ್ಲದವರು ದಯವಿಟ್ಟು ಕೊಳ್ಳಬೇಡಿ. ಸೈಲೆನ್ಸರ್ ಕೊರೆದು, ಕೆಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿ, ಮಧ್ಯರಾತ್ರಿ ಕದ್ರಿ ರಸ್ತೆಯಲ್ಲಿ ಮಕ್ಕಳನ್ನು ಎಬ್ಬಿಸುವವರಂತೂ ನಮ್ಮ ವಾದದ ಮೊದಲ ಶತ್ರುಗಳು. ಪೊಲೀಸರು ಅಂಥ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸಿದಾಗ ನನಗೆ ಬೇಸರವಾಗುವುದಿಲ್ಲ.

ಇನ್ನೊಂದು ಸತ್ಯ: ನನ್ನ ಉಳಿತಾಯದ ಒಂದು ಪಾಲು ಆ ಗ್ಯಾರೇಜಿನ ಅಣ್ಣನ ಕೈಕೆಲಸದ್ದು. ಕೆಟ್ಟದ್ದನ್ನು ಎಸೆಯದೆ ಸರಿಪಡಿಸುವ ವಿದ್ಯೆ ಈ ಊರಿಗೆ ಹೊಸತಲ್ಲ. ಲಾರಿ-ಬಸ್ಸುಗಳ ಸ್ಪ್ರಿಂಗ್ ತಯಾರಿಸಿ ‘ಕೆನರಾ ಸ್ಪ್ರಿಂಗ್ಸ್’ ಎಂಬ ಹೆಸರನ್ನು ದೂರದೂರಕ್ಕೆ ಒಯ್ದ ಕೆನರಾ ವರ್ಕ್‌ಶಾಪ್ಸ್ ಹುಟ್ಟಿದ್ದು ಮಂಗಳೂರಿನಲ್ಲೇ. ಹಳೆಯ ಕಾರುಗಳನ್ನೆಲ್ಲ ಗುಜರಿಗೆ ತಳ್ಳುವ ನೀತಿ ಗೆದ್ದರೆ ಮೊದಲು ಮುಚ್ಚುವುದು ಹಂಚಿನ ಮಾಡಿನ ಇಂಥ ಗ್ಯಾರೇಜುಗಳು. ಲ್ಯಾಪ್‌ಟಾಪ್ ಇಲ್ಲದೆ, ಶಬ್ದ ಕೇಳಿಯೇ ರೋಗ ಹೇಳುವ ಕಿವಿಗಳು ಅಲ್ಲಿವೆ. ಹಳೆಯ ಹಸ್ತಪ್ರತಿಯ ಒಂದೊಂದು ಅಕ್ಷರವನ್ನೂ ಉಳಿಸಲು ಹೆಣಗುವ ನಾವು ಸಾಹಿತ್ಯದ ವಿದ್ಯಾರ್ಥಿಗಳು ಈ ವಿದ್ಯೆಯ ಬಗ್ಗೆ ಇಷ್ಟು ಮೌನವಾಗಿರುವುದು ಸರಿಯಲ್ಲ.

ನಾನು ವಿನಾಯಿತಿ ಕೇಳುತ್ತಿಲ್ಲ. ನನ್ನ ಕಾರು ಇಂದಿನ ಬಿಎಸ್6 ಕಾರಿನಷ್ಟು ಶುದ್ಧವಲ್ಲ ಎಂಬುದು ಗೊತ್ತು. ಪರೀಕ್ಷೆ ಕಟ್ಟುನಿಟ್ಟಾಗಿರಲಿ. ಹೊಗೆ ಅಳೆಯಿರಿ, ಬ್ರೇಕ್ ಅಳೆಯಿರಿ, ಅಡಿಗೆ ಮಲಗಿ ತುಕ್ಕು ನೋಡಿ. ಐದು ವರ್ಷಕ್ಕೊಮ್ಮೆ ಬೇಡ, ವರ್ಷಕ್ಕೊಮ್ಮೆ ನೋಡಿ. ಸೋತರೆ ನಾನೇ ಗುಜರಿಗೆ ಒಯ್ದು ಬಿಡುತ್ತೇನೆ. ಗೆದ್ದರೆ ದಂಡದಂಥ ಶುಲ್ಕ ಬೇಡ, ಮದುವೆ ಮನೆಯ ನಗುವೂ ಬೇಡ.

2029ರಲ್ಲಿ ನನ್ನ ಕಾರಿಗೆ ಇಪ್ಪತ್ತು ತುಂಬುತ್ತದೆ. ಮತ್ತೆ ನವೀಕರಣಕ್ಕೆ ಹೋಗಬೇಕು, ಈಗಿನ ಲೆಕ್ಕದಲ್ಲಿ ಹತ್ತು ಸಾವಿರ ಎತ್ತಿಡಬೇಕು. ಆ ಹೊತ್ತಿಗೆ ಫೆಲೋಶಿಪ್ ಮುಗಿದಿರುತ್ತದೆ, ಕೆಲಸ ಸಿಕ್ಕಿರುತ್ತದೆಂಬ ಭರವಸೆ ಇಲ್ಲ. ಹಾಗಾಗಿ ಈ ತಿಂಗಳಿಂದ ನೋಟ್‌ಬುಕ್ಕಿನಲ್ಲಿ ಹೊಸದೊಂದು ಬಾಬ್ತು ತೆರೆದಿದ್ದೇನೆ: ತಿಂಗಳಿಗೆ 250 ರೂಪಾಯಿ, ನವೀಕರಣಕ್ಕೆ. ಮಾವ ಮುಂದಿನ ಮದುವೆಯಲ್ಲಿ ಸಿಕ್ಕಾಗ ವಾದ ಮಾಡುವುದಿಲ್ಲ. ಕೀ ಕೊಟ್ಟು, ದೇರಳಕಟ್ಟೆಯವರೆಗೆ ಒಂದು ಸುತ್ತು ಹೋಗಿ ಬನ್ನಿ ಎನ್ನುತ್ತೇನೆ.