ವಿಹಾರ ಉಳಿಯುವುದು ಯಾರಿಂದ?



ಕಳೆದ ಜೂನಿನಲ್ಲಿ ಶಾಲೆ ಪ್ರಾರಂಭವಾದ ವಾರದ ಮಾತು. ೯ನೆಯ ಇಯತ್ತೆಯ ಹುಡುಗನೊಬ್ಬ ಪಾಠ ಮುಗಿದ ಮೇಲೆ ನನ್ನ ಬಳಿ ಬಂದ. “ಸರ್, ಬುದ್ಧ ಪೂರ್ಣಿಮಾ, ಬಾಬಾಸಾಹೇಬರ ಜಯಂತಿ ಬಿಟ್ರ ನಮ್ಮ ಓಣಿ ವಿಹಾರಕ್ಕ ಯಾವಾಗಲೂ ಕೀಲಿನೇ ಇರ್ತದ. ಕಟ್ಟಾಕ ರೊಕ್ಕ ಬಂತು, ತಗಿಯಾಕ ಯಾರೂ ಇಲ್ಲ. ಹಿಂಗ್ಯಾಕ್ರಿ?” ಎಂದು ಕೇಳಿದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಾನು ಬೌದ್ಧನಲ್ಲ. ಆದರೆ ಆ ಪ್ರಶ್ನೆ ಒಂದು ಓಣಿಯದಲ್ಲ, ಒಂದು ಧರ್ಮದ್ದೂ ಅಲ್ಲ. ಇಂದು ಇಲ್ಲಿ ಅದಕ್ಕೆ ಉತ್ತರ ಬರೆಯಲು ಯತ್ನಿಸುತ್ತೇನೆ.

ನಮ್ಮ ಸೀಮೆಯ ಭೀಮಾನದಿಯ ಗುಂಟ ಕೆಳಗೆ ಹೋದರೆ ಕಲಬುರಗಿ ಜಿಲ್ಲೆಯ ಸನ್ನತಿ ಸಿಗುತ್ತದೆ. ೧೯೮೬ರಲ್ಲಿ ಅಲ್ಲಿಯ ಕಾಳಿಯ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಾಣಿಸಿತು! ಮುಂದೆ ಸಮೀಪದ ಕನಗನಹಳ್ಳಿಯಲ್ಲಿ ನಡೆದ ಉತ್ಖನನದಲ್ಲಿ ಮಹಾಸ್ತೂಪವೊಂದರ ಅವಶೇಷಗಳೂ ‘ರಾಯೋ ಅಸೋಕೋ’ ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪವೂ ದೊರೆತವು. ಅಲ್ಲಿಯ ಕಲ್ಲುಗಳ ಮೇಲೆ ದಾನ ಕೊಟ್ಟವರ ಹೆಸರುಗಳಿವೆ. ಅವರೆಲ್ಲ ಅರಸರಲ್ಲ, ಗೃಹಸ್ಥರು, ಹೆಣ್ಣುಮಕ್ಕಳು, ಭಿಕ್ಷುಗಳು ಸಹ ಅವರಲ್ಲಿದ್ದಾರೆ. ಒಬ್ಬೊಬ್ಬರು ಒಂದೊಂದು ಕಲ್ಲು ಕೊಟ್ಟು ಅಷ್ಟು ದೊಡ್ಡ ಸ್ತೂಪವನ್ನು ನಿಲ್ಲಿಸಿದರು.

ಇನ್ನೊಂದು ಉದಾಹರಣೆ ಗದಗ ಜಿಲ್ಲೆಯ ಡಂಬಳದ್ದು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ಕ್ರಿ.ಶ. ೧೦೯೫ರ ಸುಮಾರಿಗೆ, ಅಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೂ ಲಕ್ಕುಂಡಿಯ ವರ್ತಕನೊಬ್ಬನು ಕಟ್ಟಿಸಿದ ತಾರಾದೇವಿಯ ವಿಹಾರಕ್ಕೂ ದತ್ತಿ ದೊರೆತುದನ್ನು ಶಾಸನ ಹೇಳುತ್ತದೆ. ದತ್ತಿಗೆ ಕೊರತೆಯಿರಲಿಲ್ಲ, ದಾನಿಗಳು ಬಡವರಾಗಿರಲಿಲ್ಲ. ಆದರೂ ಇಂದು ಡಂಬಳವೆಂದರೆ ಜನರಿಗೆ ನೆನಪಾಗುವುದು ದೊಡ್ಡಬಸಪ್ಪನ ಗುಡಿ. ಹದಿನಾರು ಸೆಟ್ಟಿಗಳ ವಿಹಾರವನ್ನು ಮುಂದುವರಿಸಿದ ಮನೆತನಗಳು ಎಲ್ಲಿ?

ಇದಕ್ಕೆ ಇತಿಹಾಸಕಾರರು ಹಲವು ಕಾರಣ ಹೇಳುತ್ತಾರೆ. ನನಗೆ ಮುಖ್ಯವಾಗಿ ತೋರುವುದು ಇದು: ಅರಸರ ಹಾಗೂ ವರ್ತಕರ ಆಶ್ರಯ ಬೇರೆ ಕಡೆ ಹೊರಳಿದಾಗ, ಭಿಕ್ಷುಗಳ ಪಾತ್ರೆಗೆ ಅನ್ನ ನೀಡುವುದು ತಮ್ಮ ಕರ್ತವ್ಯವೆಂದು ತಿಳಿದ ಸಾಮಾನ್ಯ ಮನೆಗಳು ಸಾಕಷ್ಟು ಉಳಿದಿರಲಿಲ್ಲ. ಜೈನರನ್ನು ನೋಡಿರಿ. ಅವರಿಗೂ ರಾಜಾಶ್ರಯ ತಪ್ಪಿತು. ಆದರೆ ಮುನಿಗಳಿಗೆ ಆಹಾರ ನೀಡುವ ಶ್ರಾವಕರ ಮನೆಗಳು ಉಳಿದವು, ಧರ್ಮವೂ ಉಳಿಯಿತು. ನಮ್ಮ ಮಂಗಳವೇಢೆಯಲ್ಲಿ ಕರಣಿಕನಾಗಿದ್ದು ಕಲ್ಯಾಣಕ್ಕೆ ಹೋದ ಬಸವಣ್ಣನವರು ಕಾಯಕದ ಜೊತೆಗೆ ದಾಸೋಹವನ್ನು ಸೇರಿಸಿದ್ದೂ ಇದೇ ತಿಳಿವಿನಿಂದಲ್ಲವೇ? ದುಡಿಯುವ ಕೈಯೇ ನೀಡುವ ಕೈ ಆಗಬೇಕು.

ಡಾ. ಅಂಬೇಡಕರರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮಂಗಳವೇಢೆಯ ಗೋಡೆ ಕುಸಿದು ಮಡಿದ ಸಂತ ಚೋಖಾಮೇಳಾನಿಗೂ ಸೇರಿಸಿ ೧೯೪೮ರಲ್ಲಿ ತಮ್ಮದೊಂದು ಗ್ರಂಥವನ್ನು ಅರ್ಪಿಸಿದವರು ಅವರು. ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದರು. ಮರುದಿನದ ಭಾಷಣದಲ್ಲಿ, ಪ್ರತಿಯೊಬ್ಬರೂ ತಮ್ಮ ಗಳಿಕೆಯ ಇಪ್ಪತ್ತನೆಯ ಒಂದು ಪಾಲನ್ನು ಧರ್ಮಕಾರ್ಯಕ್ಕೆ ಕೊಡಬೇಕೆಂದರು. ಕೇಳಿದವರು ಕೂಲಿಕಾರರು, ಗಿರಣಿ ಕಾರ್ಮಿಕರು. ಅವರಿಂದ ಕೇಳಿದ್ದು ದೊಡ್ಡ ದೇಣಿಗೆಯಲ್ಲ, ರೂಪಾಯಿಗೆ ಐದು ಪೈಸೆ. ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ ೬ರಂದು, ಅವರು ತೀರಿಕೊಂಡರು. ಆ ಐದು ಪೈಸೆಯ ಮಾತು ಮಾತ್ರ ನಮ್ಮ ಹುಡುಗನ ಓಣಿಯಲ್ಲಿ ಇನ್ನೂ ಬಾಕಿ ಉಳಿದಿದೆ.

ಮಕ್ಕಳ ಫೀಗೇ ಹಣವಿಲ್ಲದ ಮನೆ ವಿಹಾರಕ್ಕೆ ಎಲ್ಲಿಂದ ಕೊಡಬೇಕು ಎಂದು ಕೆಲವರು ಕೇಳಬಹುದು. ನ್ಯಾಯವಾದ ಮಾತು. ಸಿಗಾಲೋವಾದ ಸುತ್ತದಲ್ಲಿ ಬುದ್ಧನು ಗೃಹಸ್ಥನ ಗಳಿಕೆಯನ್ನು ನಾಲ್ಕು ಪಾಲು ಮಾಡಿ, ಒಂದು ಜೀವನಕ್ಕೆ, ಎರಡು ಉದ್ಯೋಗಕ್ಕೆ, ಒಂದು ಆಪತ್ತಿನ ಕಾಲಕ್ಕೆ ಎಂದು ಹೇಳಿದ್ದಾನೆ. ಧರ್ಮಕ್ಕೆಂದು ಬೇರೆ ಪಾಲನ್ನೇ ಎಣಿಸಿಲ್ಲ. ಮನೆ ಕೆಡಿಸಿಕೊಂಡು ದಾನ ಮಾಡಬೇಕಾಗಿಲ್ಲ. ಹಣವಿಲ್ಲದವರು ವಾರಕ್ಕೊಂದು ದಿನ ವಿಹಾರದ ಕಸ ಗುಡಿಸಲಿ, ಬಾಗಿಲು ತೆರೆಯಲಿ. ಅದೂ ಪಾಲೇ.

ನನ್ನ ಸೂಚನೆಗಳು ಮೂರು. ಮೊದಲನೆಯದು, ಹಬ್ಬದ ಪಟ್ಟಿಗಿಂತ ತಿಂಗಳ ಪಾಲು ಲೇಸು, ಚಿಕ್ಕದಿರಲಿ, ತಪ್ಪದಿರಲಿ. ಎರಡನೆಯದು, ಮೂಲಧನವನ್ನು ಮುಟ್ಟಬಾರದು. ಜೋಳಕ್ಕೆ ಹೆಸರಾದ ಊರು ನಮ್ಮದು. ಎಂಥ ಬರಗಾಲದಲ್ಲೂ ಬೀಜದ ಜೋಳವನ್ನು ಬೀಸಿ ಉಣ್ಣಬಾರದೆಂದು ನಮ್ಮ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ದಾಮಾಜಿ ಪಂತರು ಹಸಿದವರಿಗಾಗಿ ಕಣಜ ತೆರೆದರು, ಅವರನ್ನು ಸ್ಮರಿಸುತ್ತೇವೆ. ಆದರೆ ಆ ಕಣಜವನ್ನು ತುಂಬಿದವರು ಹೆಸರಿಲ್ಲದ ಸಾವಿರ ರೈತರೆಂಬುದನ್ನು ಮರೆಯಬಾರದು. ಬ್ಯಾಂಕಿನ ಬಡ್ಡಿಯಷ್ಟೇ ಖರ್ಚಾಗಲಿ. ಬುದ್ಧ ಪೂರ್ಣಿಮೆಯಂದು ಜಮಾ-ಖರ್ಚನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಲಿ. ನೋಂದಾಯಿತ ಟ್ರಸ್ಟುಗಳು ಲೆಕ್ಕ ತಪಾಸಣೆ ಮಾಡಿಸಲೇಬೇಕೆಂದು ೧೯೫೦ರ ಕಾಯಿದೆಯೇ ಹೇಳುತ್ತದೆ. ಆದರೆ ಸರಕಾರಕ್ಕೆ ಒಪ್ಪಿಸುವ ಲೆಕ್ಕಕ್ಕಿಂತ ಕೊಟ್ಟವರ ಕಿವಿಗೆ ಬೀಳುವ ಲೆಕ್ಕ ಹೆಚ್ಚು ವಿಶ್ವಾಸ ಬೆಳೆಸುತ್ತದೆ.

ಮೂರನೆಯದು ಎಲ್ಲಕ್ಕೂ ಮುಖ್ಯವಾದುದು. ಖರ್ಚಿನ ಮೊದಲ ಪಾಲು ಇಟ್ಟಿಗೆಗಲ್ಲ, ಮನುಷ್ಯರಿಗೆ ಸಲ್ಲಬೇಕು: ಭಿಕ್ಷುವಿನ ಊಟಕ್ಕೆ, ಮಕ್ಕಳಿಗೆ ಕಲಿಸುವವರಿಗೆ, ಪುಸ್ತಕಗಳಿಗೆ. ಆಷಾಢ ಪೂರ್ಣಿಮೆಯಿಂದ ಮೂರು ತಿಂಗಳ ವರ್ಷಾವಾಸದಲ್ಲಿ ವಿಹಾರಗಳಲ್ಲಿ ಗ್ರಂಥ ಪಠಣ ನಡೆಯುತ್ತದೆ. ಹಿರಿಯರೇ ಏಕೆ ಓದಬೇಕು? ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ವಂದನೆಯಲ್ಲಿ ಪಾಳಿ ನುಡಿಯುವ ನಮ್ಮ ಶಾಲೆಯ ಮಕ್ಕಳು ದಿನಕ್ಕೊಬ್ಬರಂತೆ ಓದಲಿ. ಓದಿದ ಮಗುವಿಗೆ ವಿಹಾರ ತನ್ನದೆನಿಸುತ್ತದೆ.

ಗಡಿಯ ಈಚೆಗಿರುವ ನಮ್ಮ ಕನ್ನಡ ಶಾಲೆಗಳೂ ಇದೇ ಲೆಕ್ಕದ ಮೇಲೆ ನಿಂತಿವೆ. ಕಟ್ಟಡವಿದ್ದು ಮಕ್ಕಳಿಲ್ಲದಿದ್ದರೆ ಶಾಲೆಗೂ ಕೀಲಿಯೇ ಗತಿ.

ಆದುದರಿಂದ ಆ ಹುಡುಗನಿಗೆ ನನ್ನ ಉತ್ತರ ಇಷ್ಟೇ: ಮಗು, ವಿಹಾರದ ಕೀಲಿಕೈ ಯಾರ ಬಳಿಯಿದೆಯೆಂದು ಇಂದೇ ಕೇಳು. ಭಾನುವಾರ ನೀನೇ ಬಾಗಿಲು ತೆಗೆ, ಕಸ ಗುಡಿಸು, ಒಂದು ಪುಟ ಓದು. ಕೇಳಲು ನಾನೂ ಬರುತ್ತೇನೆ.